ಹಣ್ಣಿನ ನೊಣದ ವಂಶವಾಹಿಗಳು: ಅಂಗರಚನೆಯೂ ನರವ್ಯಾಪಾರವೂ

ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿಗೂ ನಾಗರಭಾವಿಗೂ ನಡುವೆ, ಜ್ಞಾನಭಾರತಿಯ ಮಗ್ಗುಲಲ್ಲಿ ಉಲ್ಲಾಳವೆಂಬ ಊರಿದೆ. ರಾಣಿ ಅಬ್ಬಕ್ಕನ ಹೆಸರಿನಿಂದ ಪ್ರಸಿದ್ಧವಾದ ಕಡಲತೀರದ ಉಳ್ಳಾಲ ಬೇರೆ. ಇದು ಕೆರೆಯ ಮಗ್ಗುಲಿನ ಉಲ್ಲಾಳ. ಹಿಂದೆ ಹಳ್ಳಿಯಾಗಿದ್ದುದು ಈಗ ನಗರದೊಳಕ್ಕೆ ಸೇರಿಹೋಗಿದೆ. ಈ ಊರಿನ ಯಾವ ಮನೆಯಲ್ಲಾದರೂ ಸರಿಯೆ, ಏಲಕ್ಕಿ ಬಾಳೆಯ ಒಂದು ಚಿಪ್ಪನ್ನು ಅಡುಗೆಮನೆಯ ಮೂಲೆಯಲ್ಲಿಟ್ಟು ಮೂರು ದಿನ ಮರೆತರೆ, ನಾಲ್ಕನೆಯ ದಿನ ಅದರ ಸುತ್ತ ಎಳ್ಳಿನಷ್ಟು ಗಾತ್ರದ ನೊಣಗಳು ತೇಲಾಡುತ್ತಿರುವುದನ್ನು ಕಾಣಬಹುದು. ಸಾಮಾನ್ಯವಾಗಿ ಮನೆಯ ಗೃಹಿಣಿಯು ಸೆರಗಿನಿಂದ ಬೀಸಿ ಅವನ್ನು ಅಟ್ಟುತ್ತಾಳೆ. ಅವು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಹಣ್ಣು ಹುಳಿಯುವಾಗ ಅದರಲ್ಲಿ ಬೆಳೆಯುವ ಕಿಣ್ವಬೀಜವೇ, ಎಂದರೆ ಯೀಸ್ಟೇ, ಅವುಗಳ ಆಹಾರ. ಈ ಅಲ್ಪಜೀವಿಯ ದೆಸೆಯಿಂದ, ಪ್ರಾಣಿಗಳ ಅಂಗಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ಮೂಡುವುದು ಹೇಗೆ, ನರಗಳು ಕೆಲಸ ಮಾಡುವುದು ಹೇಗೆ, ಆ ಕೆಲಸ ಕೆಡುವುದು ಏತಕ್ಕೆ ಎಂಬ ಪ್ರಶ್ನೆಗಳಿಗೆ ಒಂದು ಶತಮಾನದಿಂದ ಉತ್ತರ ದೊರೆಯುತ್ತ ಬಂದಿದೆಯೆಂಬುದು ಮೊದಲು ಕೇಳಿದವರಿಗೆ ಅತಿಶಯೋಕ್ತಿಯಾಗಿ ತೋರಬಹುದು. ಅದು ಅತಿಶಯೋಕ್ತಿಯಲ್ಲವೆಂದು ತೋರಿಸುವುದೇ ಪ್ರಕೃತ ಭಾಷಣದ ಉದ್ದೇಶ.

ಪಂಡಿತರು ಈ ನೊಣವನ್ನು ಡ್ರೋಸೊಫಿಲ ಎಂದು ಕರೆಯುತ್ತಾರೆ. ಅದರಲ್ಲಿ ನೂರಾರು ಜಾತಿಗಳುಂಟು. ಪ್ರಯೋಗಶಾಲೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಮೆಲನೊಗ್ಯಾಸ್ಟರ್ ಎಂಬ ಜಾತಿ. ಉದ್ದ ಸುಮಾರು 3 ಮಿಲಿಮೀಟರು, ಕಣ್ಣು ಇಟ್ಟಿಗೆಗೆಂಪು. ಇದರ ಜೀವನಚರಿತ್ರೆ ನಮ್ಮ ನಾಡಿನವರಿಗೆ ಹೊಸದಲ್ಲ, ಏಕೆಂದರೆ ರೇಷ್ಮೆಹುಳುವಿನದೂ ಅದೇ ಕ್ರಮ. ಮೊಟ್ಟೆ ಒಡೆದು ಹುಳು ಹೊರಡುತ್ತದೆ. ಹುಳು ತಿಂದು ತಿಂದು ಪೊರೆ ಕಳಚುತ್ತ ಬೆಳೆಯುತ್ತದೆ. ಬಳಿಕ ನಿಶ್ಚಲವಾಗಿ ಪ್ಯೂಪದ ಅವಸ್ಥೆಗೆ ಹೋಗುತ್ತದೆ. ಕಡೆಗೆ ರೆಕ್ಕೆಯುಳ್ಳ ಪ್ರಾಣಿ ಹೊರಬರುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೇಷ್ಮೆಹುಳುವಿಗೆ ವಾರಗಟ್ಟಲೆ ಬೇಕಾಗುವ ಈ ಪ್ರಯಾಣವನ್ನು ಹಣ್ಣಿನ ನೊಣವು 25 ಡಿಗ್ರಿ ಸೆಂಟಿಗ್ರೇಡು ಉಷ್ಣತೆಯಲ್ಲಿ ಸುಮಾರು ಹತ್ತು ದಿನಗಳಲ್ಲಿ ಮುಗಿಸುತ್ತದೆ. ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಮನುಷ್ಯನಲ್ಲಿ ಮೂರು ತಲೆಮಾರು ನೋಡಬೇಕಾದರೆ ಮುಕ್ಕಾಲು ಶತಮಾನ ಕಾಯಬೇಕು. ಇಲ್ಲಿ ಒಂದು ತಿಂಗಳು ಸಾಕು.

ಸಾಕುವ ವೆಚ್ಚವಂತೂ ಹೇಳಬೇಕಾದ್ದೇ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಈ ನೊಣಗಳ ಒಂದು ದೊಡ್ಡ ಸಂಗ್ರಹವನ್ನು ಬಹುಕಾಲದಿಂದ ಪೋಷಿಸಿಕೊಂಡು ಬಂದಿದ್ದಾರೆ. ಅಲ್ಲಿ ಅವುಗಳಿಗೆ ಮಾಡುವ ಅಡುಗೆಯನ್ನು ಕೇಳಿದರೆ ನಮ್ಮ ಮನೆಯ ಸಜ್ಜಿಗೆಯ ನೆನಪಾಗುತ್ತದೆ. ಒಂದು ಲೀಟರು ನೀರಿಗೆ 100 ಗ್ರಾಂ ಗೋಧಿಯ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು ಸ್ವಲ್ಪ ಅಗರ್, ಬೂಷ್ಟು ಹಿಡಿಯದಂತೆ ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ. ಕುದಿಸಿ ಬಾಟಲಿಗೆ ಸುರಿದು, ಆರಿದ ಮೇಲೆ ಯೀಸ್ಟನ್ನು ಹಾಕಿ, ಹತ್ತಿಯ ಬಿರಡೆ ಇಟ್ಟರೆ ಆಯಿತು. ಮೈಸೂರಿನ ವಿದ್ವಾಂಸರು ಪರದೇಶದ ಜಾತಿಯೊಂದನ್ನೇ ನೆಚ್ಚಿಕೊಳ್ಳದೆ ನಮ್ಮ ಮಲೆನಾಡಿನ ಕಾಡುಗಳಲ್ಲಿಯೂ ನೊಣ ಹಿಡಿದು ಹೊಸ ಜಾತಿಗಳನ್ನು ವರ್ಣಿಸಿದ್ದಾರೆ. ಮೈಸೂರೆನ್ಸಿಸ್, ಅಗುಂಬೆನ್ಸಿಸ್ ಎಂಬ ಹೆಸರುಗಳು ಆ ಜಾತಿಗಳ ತವರನ್ನು ತಾವೇ ಹೇಳುತ್ತವೆ.

ಈಗ ವಂಶವಾಹಿಯ ವಿಷಯ. ಜೀವಕೋಶದ ನಡುವಣ ಬೀಜದಲ್ಲಿ ದಾರದಂತಹ ವರ್ಣತಂತುಗಳಿವೆ. ಮನುಷ್ಯನಲ್ಲಿ ಅವು 23 ಜೊತೆ. ಮೆಲನೊಗ್ಯಾಸ್ಟರ್ ನೊಣದಲ್ಲಿ ನಾಲ್ಕೇ ಜೊತೆ. ಈ ತಂತುವಿನ ಉದ್ದಕ್ಕೂ ನಾಲ್ಕು ರಾಸಾಯನಿಕ ಅಕ್ಷರಗಳಿಂದ ಬರೆದ ಒಂದು ಲೇಖವುಂಟು. ಆ ಲೇಖದಲ್ಲಿ ಒಂದೊಂದು ಸಸಾರಜನಕ ವಸ್ತುವನ್ನು, ಎಂದರೆ ಪ್ರೋಟೀನನ್ನು, ಕಟ್ಟುವ ವಿಧಿಯನ್ನು ತಿಳಿಸುವ ಭಾಗವೇ ವಂಶವಾಹಿ ಅಥವಾ ಜೀನು. ನೊಣದ ಲೇಖವನ್ನು 2000ನೆಯ ಇಸವಿಯಲ್ಲಿ ಓದಿ ಪ್ರಕಟಿಸಿದರು. ಅದರಲ್ಲಿ ಸುಮಾರು 14,000 ವಂಶವಾಹಿಗಳಿವೆ. ಮನುಷ್ಯನಲ್ಲಿರುವುದು ಸುಮಾರು 20,000. ನಮಗೂ ನೊಣಕ್ಕೂ ಇರುವ ಅಂತರ ನಾವು ಭಾವಿಸಿದ್ದಷ್ಟು ದೊಡ್ಡದಲ್ಲವೆಂಬುದು ಈ ಲೆಕ್ಕದಿಂದಲೇ ತೋರುತ್ತದೆ. ಮನುಷ್ಯನಿಗೆ ರೋಗವನ್ನುಂಟುಮಾಡುವವೆಂದು ಗೊತ್ತಾದ ವಂಶವಾಹಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲಿ ದಾಯಾದಿಗಳುಂಟು.

ಲಿಪಿಕಾರನು ಓಲೆಗರಿಯ ಗ್ರಂಥವನ್ನು ಪ್ರತಿ ಮಾಡುವಾಗ ಎಲ್ಲಿಯೋ ಒಂದಕ್ಷರ ತಪ್ಪುತ್ತಾನೆ. ಆಮೇಲೆ ಆ ಪ್ರತಿಯಿಂದ ಎತ್ತಿಕೊಂಡ ಎಲ್ಲ ಪ್ರತಿಗಳಲ್ಲಿಯೂ ಆ ತಪ್ಪು ಉಳಿದುಕೊಳ್ಳುತ್ತದೆ. ವಂಶವಾಹಿಯಲ್ಲಿ ಹೀಗೆ ಆಗುವ ಮಾರ್ಪಾಟನ್ನೇ ಮ್ಯುಟೇಷನ್, ಉತ್ಪರಿವರ್ತನೆ, ಎನ್ನುತ್ತಾರೆ. ಕೆಲವು ತಪ್ಪುಗಳಿಂದ ಅರ್ಥ ಕೆಡುವುದಿಲ್ಲ. ಕೆಲವು ವಾಕ್ಯವನ್ನೇ ಅಳಿಸಿಬಿಡುತ್ತವೆ. ಅಪರೂಪವಾಗಿ ಕೆಲವು ಬೇರೊಂದು ಅರ್ಥವನ್ನೇ ಕೊಡುತ್ತವೆ. ನ್ಯೂಯಾರ್ಕಿನ ಮಾರ್ಗನ್ ಮಹಾಶಯನು 1910ರಲ್ಲಿ ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿಯ ಕಣ್ಣಿನ ಗಂಡೊಂದನ್ನು ಕಂಡು, ಆ ಗುಣ ಮಕ್ಕಳು ಮೊಮ್ಮಕ್ಕಳಲ್ಲಿ ಹೇಗೆ ಇಳಿದುಬರುತ್ತದೆಂದು ಎಣಿಸಿ, ವಂಶವಾಹಿಗಳು ವರ್ಣತಂತುವಿನ ಮೇಲೆಯೇ ಇವೆಯೆಂದು ಸ್ಥಾಪಿಸಿದನು. ಎಕ್ಸ್ ಕಿರಣಗಳನ್ನು ಹಾಯಿಸಿದರೆ ಇಂತಹ ತಪ್ಪುಗಳು ಬಹಳವಾಗಿ ಹೆಚ್ಚುತ್ತವೆಂದು 1927ರಲ್ಲಿ ಮುಲ್ಲರನು ತೋರಿಸಿದನು. ಇಬ್ಬರಿಗೂ ನೊಬೆಲ್ ಬಹುಮಾನ ಬಂದಿತು, ಮಾರ್ಗನನಿಗೆ 1933ರಲ್ಲಿ, ಮುಲ್ಲರನಿಗೆ 1946ರಲ್ಲಿ. ನಮ್ಮಲ್ಲಿ ಮಗುವಿನ ಅಂಗದಲ್ಲಿ ಊನವಿದ್ದರೆ ಬಸುರಿಯಾಗಿದ್ದಾಗ ತಾಯಿ ಗ್ರಹಣ ನೋಡಿದಳೆಂದೋ, ಗ್ರಹಣಕಾಲದಲ್ಲಿ ತರಕಾರಿ ಹೆಚ್ಚಿದಳೆಂದೋ ಹೇಳುವ ವಾಡಿಕೆಯುಂಟು. ಚಂದ್ರನ ನೆರಳಿಗೆ ವಂಶವಾಹಿಯ ಅಕ್ಷರವನ್ನು ತಿದ್ದುವ ಶಕ್ತಿಯಿಲ್ಲ. ತಾಯಿಯಲ್ಲಿಯೂ ತಂದೆಯಲ್ಲಿಯೂ ಇಲ್ಲದ ತಪ್ಪು, ಅಂಡ ಅಥವಾ ವೀರ್ಯಾಣು ಹುಟ್ಟುವಾಗ ಪ್ರತಿ ಮಾಡುವ ಕೆಲಸದಲ್ಲಿಯೇ ಹೊಸದಾಗಿ ಬರಬಹುದು. ಅದಕ್ಕೆ ಯಾರ ನಡತೆಯೂ ಕಾರಣವಲ್ಲ. ಈ ಮಾತಿಗೆ ಮುಂದೆ ಇನ್ನೊಮ್ಮೆ ಬರಬೇಕಾಗುತ್ತದೆ.

ಬೆಳವಣಿಗೆಯ ವಿಚಾರದಲ್ಲಿ ಉತ್ಪರಿವರ್ತನೆಗಳು ಕಲಿಸಿದ ಪಾಠ ನಿಜವಾಗಿಯೂ ಸೋಜಿಗದ್ದು. ನೊಣದ ಮೈ ಉಂಗುರಗಳನ್ನು ಜೋಡಿಸಿದಂತಿದೆ. ಎದೆಯ ಭಾಗದಲ್ಲಿ ಮೂರು ಉಂಗುರ. ಎರಡನೆಯದರಲ್ಲಿ ಒಂದು ಜೊತೆ ರೆಕ್ಕೆ. ಮೂರನೆಯದರಲ್ಲಿ ರೆಕ್ಕೆಯ ಸ್ಥಾನದಲ್ಲಿ ಸಣ್ಣ ಗುಂಡಿಯಂತಹ ಒಂದು ಜೊತೆ ಅಂಗ. ಹಾರುವಾಗ ಮೈ ಹೊರಳದಂತೆ ತೂಕ ತಿಳಿಸುವುದು ಈ ಗುಂಡಿಗಳ ಕೆಲಸ. ಮಾರ್ಗನನ ಶಿಷ್ಯನಾದ ಬ್ರಿಜಸನು 1915ರಲ್ಲಿ, ಈ ಗುಂಡಿಯು ಕೊಂಚ ರೆಕ್ಕೆಯಂತೆ ಹರಡಿಕೊಂಡಿದ್ದ ನೊಣವೊಂದನ್ನು ಕಂಡನು. ಎಡ್ವರ್ಡ್ ಲೂಯಿಸ್ ಎಂಬ ವಿದ್ವಾಂಸನು ಇದರ ಬೆನ್ನು ಹತ್ತಿ ದಶಕಗಳ ಪರ್ಯಂತ ದುಡಿದು, ಇದೇ ವಂಶವಾಹಿಗೆ ಸೇರಿದ ಬೇರೆ ಬೇರೆ ತಪ್ಪುಗಳನ್ನು ಒಂದೇ ನೊಣದಲ್ಲಿ ಕೂಡಿಸಿದನು. ಆಗ ಗುಂಡಿಗಳು ಪೂರ್ತಿಯಾಗಿ ರೆಕ್ಕೆಗಳಾಗಿ, ನಾಲ್ಕು ರೆಕ್ಕೆಯ ನೊಣವೇ ಹುಟ್ಟಿತು! ಮೂರನೆಯ ಉಂಗುರವು ತಾನು ಮೂರನೆಯದೆಂಬುದನ್ನು ಮರೆತು ಎರಡನೆಯದಾಗಿ ಬೆಳೆದಿತ್ತು. ಆಂಟೆನಪೀಡಿಯ ಎಂಬ ಮತ್ತೊಂದು ವಂಶವಾಹಿ ತಪ್ಪಾದ ಸ್ಥಾನದಲ್ಲಿ ಎಚ್ಚರಗೊಂಡರೆ, ನೊಣದ ತಲೆಯಲ್ಲಿ ಕುಡಿಮೀಸೆಯಿರಬೇಕಾದ ಕಡೆ ಪೂರ್ಣಾಕಾರದ ಕಾಲು ಮೂಡುತ್ತದೆ.

ಇದನ್ನು ಬರಿಯ ವಿಕಾರವೆಂದು ನೋಡಿ ಸುಮ್ಮನಾಗಬಾರದು. ಕಾಲು ಕೆಟ್ಟಿಲ್ಲ, ಚೆನ್ನಾಗಿಯೇ ಇದೆ, ಸ್ಥಳ ಮಾತ್ರ ತಪ್ಪಿದೆ. ಎಂದರೆ ಕಾಲನ್ನು ಕಟ್ಟುವ ಕೆಲಸಗಾರರು ಬೇರೆ, ಇಲ್ಲಿ ಕಾಲು ಕಟ್ಟಿರಿ ಎಂದು ಅಪ್ಪಣೆ ಮಾಡುವ ಮೇಸ್ತ್ರಿ ಬೇರೆ. ಉತ್ಪರಿವರ್ತನೆಯಾದದ್ದು ಮೇಸ್ತ್ರಿಯಲ್ಲಿ. ಈ ಮೇಸ್ತ್ರಿ ವಂಶವಾಹಿಗಳಿಗಿಂತಲೂ ಮೊದಲು, ಮೊಟ್ಟೆಯೊಳಗೆ ಉಂಗುರಗಳನ್ನೇ ವಿಭಾಗಿಸಿ ಗೆರೆ ಹಾಕುವ ವಂಶವಾಹಿಗಳು ಕೆಲಸ ಮಾಡುತ್ತವೆ. ಹೈಡಲ್‌ಬರ್ಗಿನಲ್ಲಿ ನುಸ್ಲೈನ್-ಫೋಲ್ಹಾರ್ಡ್ ಎಂಬ ವಿದುಷಿಯೂ ವೀಶೌಸ್ ಎಂಬವರೂ ಸಾವಿರಾರು ನೊಣದ ಕುಟುಂಬಗಳಲ್ಲಿ ಉತ್ಪರಿವರ್ತನೆಗಳನ್ನು ಹುಡುಕಿ, ಸತ್ತುಹೋದ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ನೋಡಿ, ಉಂಗುರಗಳ ವಿನ್ಯಾಸವನ್ನು ಕೆಡಿಸುವ 15 ವಂಶವಾಹಿಗಳನ್ನು 1980ರಲ್ಲಿ ಪ್ರಕಟಿಸಿದರು. ಒಂದು ಕೆಟ್ಟರೆ ಸಾಲಾಗಿ ಕೆಲವು ಉಂಗುರಗಳೇ ಇಲ್ಲ; ಮತ್ತೊಂದು ಕೆಟ್ಟರೆ ಒಂದು ಬಿಟ್ಟು ಒಂದು ಉಂಗುರವಿಲ್ಲ; ಇನ್ನೊಂದು ಕೆಟ್ಟರೆ ಪ್ರತಿಯೊಂದು ಉಂಗುರದಲ್ಲಿಯೂ ಅರ್ಧ ಕನ್ನಡಿಯ ಬಿಂಬದಂತೆ ತಿರುಗಿಕೊಂಡಿದೆ. ಸತ್ತ ಮರಿಯ ಸಿಪ್ಪೆಯಿಂದ ಇಷ್ಟು ಜ್ಞಾನ ಹೊರಟಿತು. ಲೂಯಿಸನೂ ಸೇರಿ ಮೂವರಿಗೂ 1995ರಲ್ಲಿ ನೊಬೆಲ್ ಬಹುಮಾನವಾಯಿತು.

ನಾಲ್ಕು ರೆಕ್ಕೆಯ ನೊಣದ ಕಥೆಗೆ ಬೆಂಗಳೂರಿನ ಅಧ್ಯಾಯವೊಂದುಂಟು. ಆ ನೊಣಕ್ಕೆ ರೆಕ್ಕೆ ಹೆಚ್ಚಾದರೂ ಹಾರುವ ಶಕ್ತಿಯಿಲ್ಲ. ತೂಕದ ಗುಂಡಿಗಳು ಹೋದುದು ಒಂದು ಕಾರಣ. ಹೊಸ ರೆಕ್ಕೆಗಳನ್ನು ಬಡಿಯಬೇಕಾದ ಮಾಂಸಖಂಡಗಳು ಸರಿಯಾಗಿ ಮೂಡದಿರುವುದು ಮತ್ತೊಂದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ವಿಜಯರಾಘವನ್ ಅವರು ಸ್ವತಃ ಲೂಯಿಸನೊಡನೆಯೂ ಇತರರೊಡನೆಯೂ ಕೂಡಿ ಈ ಸ್ನಾಯುಗಳ ಪರೀಕ್ಷೆಯನ್ನು 1994ರಲ್ಲಿ ಪ್ರಕಟಿಸಿದರು. ಹೊರಚರ್ಮವು ಪೂರ್ತಿಯಾಗಿ ಮಾರ್ಪಟ್ಟರೂ ಒಳಗಿನ ಸ್ನಾಯುಗಳು ಅಷ್ಟು ಸುಲಭವಾಗಿ ಹಿಂಬಾಲಿಸುವುದಿಲ್ಲ. ಇದಕ್ಕೆ ಮೂರು ವರ್ಷ ಮೊದಲು ಅವರೂ ಅವರ ಜೊತೆಗಾರರೂ ಕಂಡುಕೊಂಡಿದ್ದ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಪ್ಯೂಪದ ಅವಸ್ಥೆಯಲ್ಲಿ ಹುಳುವಿನ ಸ್ನಾಯುಗಳೆಲ್ಲ ಸಾಮಾನ್ಯವಾಗಿ ಕರಗಿಹೋಗುತ್ತವಷ್ಟೆ. ಎದೆಯ ಪ್ರತಿ ಪಕ್ಕದಲ್ಲಿಯೂ ಮೂರು ಹಳೆಯ ಸ್ನಾಯುಗಳು ಮಾತ್ರ ಉಳಿದು, ಸೀಳಿ ಆರಾಗಿ, ಅವುಗಳ ಮೇಲೆಯೇ ಹಾರಾಟದ ಹೊಸ ಸ್ನಾಯು ಕಟ್ಟಿಕೊಳ್ಳುತ್ತದೆ. ಹಳೆಯ ಮನೆಯನ್ನು ಬಿಚ್ಚಿ ಹೊಸದನ್ನು ಕಟ್ಟುವವರು ನಾಲ್ಕು ಕಂಬಗಳನ್ನು ಹಾಗೆಯೇ ನಿಲ್ಲಿಸಿಕೊಳ್ಳುವುದಿಲ್ಲವೇ?

ಕಣ್ಣಿನ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಐಲೆಸ್ ಎಂಬ ವಂಶವಾಹಿ ಕೆಟ್ಟರೆ ನೊಣಕ್ಕೆ ಕಣ್ಣು ಮೂಡುವುದಿಲ್ಲ. ಅದೇ ವಂಶವಾಹಿಯನ್ನು ಕಾಲಿನಲ್ಲಿಯೋ ರೆಕ್ಕೆಯಲ್ಲಿಯೋ ಎಚ್ಚರಗೊಳಿಸಿದರೆ ಅಲ್ಲಿ ಕಣ್ಣು ಮೂಡುತ್ತದೆಂದು ಸ್ವಿಟ್ಜರ್ಲೆಂಡಿನ ಗೇರಿಂಗನ ಗುಂಪು 1995ರಲ್ಲಿ ತೋರಿಸಿತು; ಇಲಿಯ ಸಮಾನ ವಂಶವಾಹಿಯನ್ನು ಹಾಕಿದರೂ ಮೂಡಿತು, ಆದರೆ ಅದು ಇಲಿಯ ಕಣ್ಣಲ್ಲ, ನೊಣದ ಕಣ್ಣು. ಮನುಷ್ಯನಲ್ಲಿ ಈ ವಂಶವಾಹಿಯ ಒಂದು ಪ್ರತಿ ಕೆಟ್ಟರೆ ಕಣ್ಣಿನ ಬಣ್ಣದ ಪರದೆಯಿಲ್ಲದೆ ಮಕ್ಕಳು ಹುಟ್ಟುತ್ತಾರೆ.

ಇನ್ನು ನರದ ಮಾತು. ನರದಲ್ಲಿ ಹರಿಯುವ ಸುದ್ದಿ ಯಾವ ರೀತಿಯದೆಂದು ತಿಳಿಯಬೇಕಾದರೆ ಕೆರೆಯ ತೂಬನ್ನು ನೆನೆಯಬೇಕು. ನರಕೋಶದ ಹೊರಗೆ ಸೋಡಿಯಂ ಕಣಗಳು ಹೆಚ್ಚು, ಒಳಗೆ ಪೊಟ್ಯಾಸಿಯಂ ಕಣಗಳು ಹೆಚ್ಚು. ಕೋಶದ ಪೊರೆಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ತೂಬುಗಳುಂಟು. ಸುದ್ದಿ ಬಂದಾಗ ಮೊದಲು ಸೋಡಿಯಂ ತೂಬು ತೆರೆದು ಕಣಗಳು ಒಳಕ್ಕೆ ನುಗ್ಗುತ್ತವೆ. ಅದರಿಂದ ವಿದ್ಯುತ್ತಿನ ಒಂದು ಅಲೆಯೇಳುತ್ತದೆ. ಒಡನೆಯೇ ಪೊಟ್ಯಾಸಿಯಂ ತೂಬು ತೆರೆದು ಕಣಗಳು ಹೊರಕ್ಕೆ ಹೋಗಿ ಅಲೆ ಇಳಿಯುತ್ತದೆ. ಇದೆಲ್ಲವೂ ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗದೊಳಗೆ ಮುಗಿಯಬೇಕು. ಅಲೆಯು ನರದ ತುದಿಯನ್ನು ಮುಟ್ಟಿದಾಗ, ಅಲ್ಲಿ ಸಣ್ಣ ಸಂಚಿಗಳಲ್ಲಿ ತುಂಬಿಟ್ಟಿರುವ ರಾಸಾಯನಿಕ ದ್ರವ್ಯವು ಹೊರಚೆಲ್ಲಿ ಮುಂದಿನ ನರಕ್ಕೋ ಸ್ನಾಯುವಿಗೋ ಸುದ್ದಿ ಮುಟ್ಟಿಸುತ್ತದೆ.

ಶೇಕರ್ ಎಂಬ ಹೆಸರಿನ ನೊಣವೊಂದುಂಟು. ಈಥರಿನಿಂದ ಅದಕ್ಕೆ ಮತ್ತು ಬರಿಸಿದರೆ, ಮಿಕ್ಕ ನೊಣಗಳಂತೆ ಸುಮ್ಮನೆ ಬಿದ್ದಿರದೆ ಕಾಲುಗಳನ್ನು ಗಡಗಡನೆ ನಡುಗಿಸುತ್ತದೆ. ಕಾರಣವೇನೆಂದರೆ, ಅದರ ಪೊಟ್ಯಾಸಿಯಂ ತೂಬು ಕೆಟ್ಟಿದೆ. ಎದ್ದ ಅಲೆ ಬೇಗನೆ ಇಳಿಯುವುದಿಲ್ಲ. ನರದ ತುದಿಯಿಂದ ದ್ರವ್ಯ ಮಿತಿಮೀರಿ ಚೆಲ್ಲುತ್ತದೆ. ಈ ನಡುಗುವ ನೊಣದ ದೆಸೆಯಿಂದಲೇ 1987ರಲ್ಲಿ ಪೊಟ್ಯಾಸಿಯಂ ತೂಬಿನ ವಂಶವಾಹಿಯನ್ನು ಮೊದಲ ಬಾರಿಗೆ ಹಿಡಿದು ಓದಲು ಸಾಧ್ಯವಾಯಿತು. ಅದರ ಮಾನವ ದಾಯಾದಿ ಕೆಟ್ಟವರಲ್ಲಿ, ಗಾಬರಿಯೋ ಹಠಾತ್ತಾದ ಚಲನೆಯೋ ಆದಾಗ ಕೈಕಾಲು ತತ್ತರಿಸುವ ಒಂದು ರೋಗ ಕಾಣುತ್ತದೆಂದು 1994ರಲ್ಲಿ ಗೊತ್ತಾಯಿತು.

ಇನ್ನು ಮೂರು ನೊಣಗಳ ಸಂಗತಿ ಇದಕ್ಕಿಂತಲೂ ವಿಚಿತ್ರವಾದದ್ದು. ಕೆನಡಾ ದೇಶದ ಸುಜುಕಿ ಮತ್ತು ಅವರ ಸಂಗಡಿಗರು 1971ರಲ್ಲಿ ಒಂದು ನೊಣವನ್ನು ಕಂಡುಹಿಡಿದರು. ಸಾಧಾರಣ ಹವೆಯಲ್ಲಿ ಅದು ನಡೆಯುತ್ತದೆ, ಹಾರುತ್ತದೆ, ಸಂಸಾರ ಮಾಡುತ್ತದೆ. 29 ಡಿಗ್ರಿಗೆ ಕಾಯಿಸಿದೊಡನೆ ಪಾರ್ಶ್ವವಾಯು ಬಡಿದಂತೆ ಉರುಳಿಬೀಳುತ್ತದೆ. ತಣ್ಣಗೆ ಮಾಡಿದರೆ ಏನೂ ಆಗಲಿಲ್ಲವೆಂಬಂತೆ ಎದ್ದು ಹೋಗುತ್ತದೆ. ಇದಕ್ಕೆ ಪ್ಯಾರಲಿಟಿಕ್ ಎಂದು ಹೆಸರಿಟ್ಟರು. ಎರಡು ವರ್ಷದ ಬಳಿಕ ಅದೇ ಗುಂಪಿನವರು ಶಿಬಿರೆ ಎಂಬ ಎರಡನೆಯ ನೊಣವನ್ನು ವರ್ಣಿಸಿದರು. ನಮ್ಮ ಶಿಬಿರಕ್ಕೂ ಇದಕ್ಕೂ ಸಂಬಂಧವಿಲ್ಲ. ಜಪಾನಿ ಭಾಷೆಯಲ್ಲಿ ಅದಕ್ಕೆ ಜೋಮು ಹಿಡಿಯುವುದೆಂದು ಅರ್ಥ. ಮೂರನೆಯದು ಕೊಮಟೋಸ್, ಅದು ಕಾವಿಗೆ ಬಿದ್ದರೆ ತಣಿದ ಮೇಲೆಯೂ ಬಹಳ ಹೊತ್ತು ಏಳದು. ಈ ಮೂರನೆಯ ನೊಣವನ್ನು ಲೋಕಕ್ಕೆ ಪರಿಚಯ ಮಾಡಿಸಿದವರಲ್ಲೊಬ್ಬರು, ಮುಂದೆ ಬೆಂಗಳೂರನ್ನೇ ಮನೆಯಾಗಿ ಮಾಡಿಕೊಂಡ ಒಬೈದ್ ಸಿದ್ದಿಕಿಯವರು.

ಸಿದ್ದಿಕಿಯವರು 1932ರಲ್ಲಿ ಸಂಯುಕ್ತಪ್ರಾಂತದ ಬಸ್ತಿಯಲ್ಲಿ ಹುಟ್ಟಿ, ಅಲಿಘರ್‌ನಲ್ಲಿ ಓದಿ, ಗ್ಲಾಸ್ಗೋದಲ್ಲಿ ಪೊಂಟೆಕೋರ್ವೋ ಎಂಬ ವಂಶಶಾಸ್ತ್ರಜ್ಞನ ಬಳಿ ಪಳಗಿದವರು. ಹೋಮಿ ಭಾಭಾ ಅವರ ಆಶ್ರಯದಲ್ಲಿ ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯಲ್ಲಿ 1962ರಲ್ಲಿ ಅಣುಜೀವಶಾಸ್ತ್ರದ ವಿಭಾಗವನ್ನು ಕಟ್ಟಿದರು. ಅಮೆರಿಕದ ಸೀಮೋರ್ ಬೆಂಜರನೊಡನೆ ಕೆಲಸ ಮಾಡಿ, ಕಾವಿಗೆ ಬೀಳುವ ನೊಣಗಳ ದೋಷವಿರುವುದು ಸ್ನಾಯುವಿನಲ್ಲಲ್ಲ, ನರವ್ಯೂಹದಲ್ಲಿ ಎಂಬುದನ್ನು ವಿದ್ಯುನ್ಮಾಪನಗಳಿಂದ ತೋರಿಸಿ 1976ರಲ್ಲಿ ಪ್ರಕಟಿಸಿದರು. 3 ಮಿಲಿಮೀಟರಿನ ಪ್ರಾಣಿಯ ಎದೆಯಲ್ಲಿ ವಿದ್ಯುದ್ವಾಹಕವಾದ ಸೂಜಿಯನ್ನು ನೆಟ್ಟು ಮಿಡಿತಗಳನ್ನು ಬರೆದುಕೊಳ್ಳುವುದೆಂದರೆ ಎಷ್ಟು ಕೈಚಳಕ ಬೇಕೆಂಬುದನ್ನು ಅಕ್ಕಸಾಲೆಗಳು ಚೆನ್ನಾಗಿ ಬಲ್ಲರು. ಬಳಿಕ 1990ರ ದಶಕದ ಮೊದಲಲ್ಲಿ ಅವರು ಬೆಂಗಳೂರಿಗೆ ಬಂದು ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವನ್ನು ಸ್ಥಾಪಿಸಿದರು. ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಅದು ಇಂದಿಗೂ ಇದೆ. ಉಲ್ಲಾಳದಿಂದ ಹೊರಟರೆ ಊರಿನ ಇನ್ನೊಂದು ಕೊನೆ. ಸಿದ್ದಿಕಿಯವರು 2013ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಕಾವಿನಿಂದ ಹೀಗೇಕೆ ಆಗುತ್ತದೆ? ಪ್ರೋಟೀನು ಎಂಬುದು ದಾರವನ್ನು ಮಡಿಸಿ ಮಡಿಸಿ ಕಟ್ಟಿದ ಉಂಡೆಯಂತಹ ವಸ್ತು. ವಂಶವಾಹಿಯಲ್ಲಿ ಒಂದಕ್ಷರ ತಪ್ಪಿದಾಗ, ಉಂಡೆಯ ಒಂದು ಗಂಟು ಸಡಿಲವಾಗಿ, ತಂಪಿನಲ್ಲಿ ಹೇಗೋ ಹಿಡಿದುಕೊಂಡಿದ್ದು ಕಾವಿನಲ್ಲಿ ಬಿಚ್ಚಿಹೋಗಬಹುದು. ಅರಗಿನಿಂದ ಬೆಸೆದ ಹಿಡಿಯುಳ್ಳ ಚಾಕುವಿನಂತೆ. ಪ್ಯಾರಲಿಟಿಕ್ ನೊಣದಲ್ಲಿ ಹೀಗೆ ದುರ್ಬಲವಾದುದು ಸೋಡಿಯಂ ತೂಬು. ಕಾವೇರಿದಾಗ ತೂಬುಗಳು ಸಾಲದೆ ನರದಲ್ಲಿ ಅಲೆಯೇ ಏಳುವುದಿಲ್ಲ. ಶಿಬಿರೆಯ ದೋಷ ಬೇರೆ. ನರದ ತುದಿಯಲ್ಲಿ ಬರಿದಾದ ಸಂಚಿಗಳ ಪೊರೆಯನ್ನು ಒಳಕ್ಕೆ ಎಳೆದು, ಕೊರಳನ್ನು ಹಿಸುಕಿ ಕತ್ತರಿಸಿ, ಮತ್ತೆ ಸಂಚಿ ಮಾಡಿ ತುಂಬಬೇಕಷ್ಟೆ. ಆ ಕೊರಳು ಹಿಸುಕುವ ಪ್ರೋಟೀನಿಗೆ ಡೈನಮಿನ್ ಎಂದು ಹೆಸರು. ಶಿಬಿರೆಯಲ್ಲಿ ಅದೇ ಕಾವಿಗೆ ಸೋಲುತ್ತದೆ. ಎಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೊರಳು ಕಳಚದೆ ಪೊರೆಗೇ ಅಂಟಿಕೊಂಡು ನೇತಾಡುವ ಸಂಚಿಗಳು ಸಾಲುಸಾಲಾಗಿ ಕಾಣುತ್ತವೆ. ಇದ್ದ ಸಂಚಿಗಳು ಮುಗಿದ ಮೇಲೆ ಸುದ್ದಿ ನಿಂತುಹೋಗುತ್ತದೆ. ನಮ್ಮ ಮಿದುಳಿನಲ್ಲಿ ಈ ಕ್ಷಣ ನಡೆಯುತ್ತಿರುವುದೂ ಇದೇ ಕೆಲಸ, ಇದೇ ಡೈನಮಿನ್ನಿನ ಕುಲದಿಂದ.

ಸಿದ್ದಿಕಿಯವರ ಶಿಷ್ಯೆ ವೆರೊನಿಕ ರೊಡ್ರಿಗ್ಸ್ ಅವರು ಹಿಡಿದ ದಾರಿ ಮತ್ತೊಂದು. ಗೋವೆಯ ಮೂಲದ ಮನೆತನ, ಹುಟ್ಟಿದ್ದು ಪೂರ್ವ ಆಫ್ರಿಕದಲ್ಲಿ, ಓದಿದ್ದು ಐರ್ಲೆಂಡಿನಲ್ಲಿ, ಕೆಲಸ ಮಾಡಿದ್ದು ಮುಂಬಯಿ ಬೆಂಗಳೂರುಗಳಲ್ಲಿ. ನೊಣಕ್ಕೆ ವಾಸನೆ ತಿಳಿಯುವುದು ಹೇಗೆಂಬುದು ಅವರ ಪ್ರಶ್ನೆ. ವಾಸನೆಯ ಕಡೆಗೆ ಹೋಗದ ನೊಣಗಳನ್ನು ಬೇರೆ ಮಾಡಿ, ಅವುಗಳ ಸಂತಾನವನ್ನು ಬೆಳಸಿ, ಗುರುಶಿಷ್ಯರು 1978ರಲ್ಲಿ ಅಂತಹ ಉತ್ಪರಿವರ್ತಿತ ನೊಣಗಳನ್ನು ವರ್ಣಿಸಿದರು. ಒಂದು ಬಗೆಯ ಸುವಾಸನೆಗೆ ಕುರುಡಾದ ನೊಣಕ್ಕೆ ಇನ್ನೊಂದು ಬಗೆಯದು ಚೆನ್ನಾಗಿ ತಿಳಿಯಬಹುದು. ವಾಸನೆ ಎಂಬ ಒಂದೇ ಇಂದ್ರಿಯದೊಳಗೆ ಬೇರೆ ಬೇರೆ ದ್ವಾರಗಳಿವೆಯೆಂದು ಇದರಿಂದ ಸ್ಪಷ್ಟವಾಯಿತು. ಆ ದ್ವಾರಗಳ ವಂಶವಾಹಿಗಳು ನೊಣದಲ್ಲಿ ದೊರೆತದ್ದು 1999ರಲ್ಲಿ. ರೊಡ್ರಿಗ್ಸ್ ಅವರು 2010ರಲ್ಲಿ, ಇನ್ನೂ ಅರುವತ್ತು ತುಂಬದೆ ಕಾಲವಾದರು.

ಬೆಳವಣಿಗೆ, ನರವ್ಯಾಪಾರ ಎಂದು ಎರಡು ತಲೆಬರಹ ಇಟ್ಟುಕೊಂಡು ಹೇಳಿದೆನಾದರೂ ಅವೆರಡೂ ಎಲ್ಲಿ ಬೇರೆಯಾಗುತ್ತವೆಂದು ಗೆರೆ ಎಳೆಯುವುದು ಕಷ್ಟ. ಇದೇ ಕೇಂದ್ರದ ಗೈತಿ ಹಸನ್ ಅವರ ಗುಂಪು 2004ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನಿದರ್ಶನ. ಕೋಶದೊಳಗೆ ಕೂಡಿಟ್ಟ ಸುಣ್ಣದ ಕಣಗಳನ್ನು, ಎಂದರೆ ಕ್ಯಾಲ್ಸಿಯಮ್ಮನ್ನು, ಹೊರಬಿಡುವ ಒಂದು ಬಾಗಿಲಿನ ವಂಶವಾಹಿ ಕುಂದಿದ ನೊಣಗಳು ನೋಡಲು ಚೆನ್ನಾಗಿವೆ, ನಡೆಯುತ್ತವೆ, ಹಾರಲಾರವು. ಕೆಲವು ವಿಶೇಷ ನರಕೋಶಗಳಿಗೆ ಮಾತ್ರ, ಅದೂ ಪ್ಯೂಪದ ಅವಸ್ಥೆಯಲ್ಲಿ, ಒಳ್ಳೆಯ ವಂಶವಾಹಿಯನ್ನು ಒದಗಿಸಿದರೆ ಹಾರಾಟ ಮರಳಿ ಬರುತ್ತದೆ. ಹಾರಬೇಕಾದದ್ದು ದೊಡ್ಡದಾದ ಮೇಲೆ. ಆದರೆ ಹಾರುವ ನರಜಾಲ ಸಿದ್ಧವಾಗಬೇಕಾದದ್ದು ಗೂಡಿನೊಳಗಿರುವಾಗಲೇ. ಈ ಬಾಗಿಲಿನ ಮಾನವ ದಾಯಾದಿ ಕೆಟ್ಟವರಲ್ಲಿ ನಡಿಗೆಯ ಹತೋಟಿ ತಪ್ಪುವ ರೋಗವುಂಟಾಗುತ್ತದೆ.

ಮೇಲೆ ಹೇಳಿದ ಸೋಡಿಯಂ ತೂಬಿಗೆ ಹಿಂದಿರುಗೋಣ. ಹುಟ್ಟಿದ ಮೊದಲ ವರ್ಷದಲ್ಲಿ, ಜ್ವರ ಬಂದಾಗ ದೀರ್ಘವಾದ ಸೆಳವು ಬಂದು, ಬಳಿಕ ಮತ್ತೆ ಮತ್ತೆ ಮರುಕಳಿಸುವ ಒಂದು ಕಠಿಣವಾದ ಮೂರ್ಛೆರೋಗವನ್ನು ಫ್ರಾನ್ಸಿನ ಡ್ರಾವೆ ಎಂಬ ವೈದ್ಯೆ 1978ರಲ್ಲಿ ವರ್ಣಿಸಿದರು. ಅದರ ಕಾರಣ ಮಾನವನ ಸೋಡಿಯಂ ತೂಬಿನ ಒಂದು ವಂಶವಾಹಿಯಲ್ಲಿದೆಯೆಂದು 2001ರಲ್ಲಿ ತಿಳಿಯಿತು. ಇಂತಹ ಬಹುಮಂದಿ ಮಕ್ಕಳಲ್ಲಿ ಈ ತಪ್ಪು ತಾಯಿತಂದೆಗಳಿಂದ ಬಂದುದಲ್ಲ, ಹೊಸದಾಗಿ ಆದದ್ದು. ಸೊಸೆಯ ತವರಿನ ಕುಲವನ್ನು ಹಳಿಯುವ ಅತ್ತೆಯರು ಕೇಳಬೇಕಾದ ಮಾತಿದು. ಇದರಿಂದ ಚಿಕಿತ್ಸೆಗೂ ಪ್ರಯೋಜನವಾಯಿತು. ಮೂರ್ಛೆಗೆ ಸಾಮಾನ್ಯವಾಗಿ ಕೊಡುವ ಔಷಧಿಗಳಲ್ಲಿ ಸೋಡಿಯಂ ತೂಬನ್ನೇ ಮುಚ್ಚುವ ಕಾರ್ಬಮಜೆಪೀನಿನಂತಹವು ಈ ಮಕ್ಕಳಿಗೆ ರೋಗವನ್ನು ಉಲ್ಬಣಗೊಳಿಸಬಲ್ಲವು. ಆದುದರಿಂದ ಯಾವ ವಂಶವಾಹಿ ಕೆಟ್ಟಿದೆಯೆಂದು ಗೊತ್ತಾಗುವುದು ಪಾಂಡಿತ್ಯದ ಕುತೂಹಲ ಮಾತ್ರವಲ್ಲ. ಜ್ವರದೊಡನೆ ಸೆಳವು ತರುವ ಮಾನವನ ಇಂತಹ ತಪ್ಪೊಂದನ್ನು ನೊಣದ ಪ್ಯಾರಲಿಟಿಕ್ ವಂಶವಾಹಿಯಲ್ಲಿ ಅದೇ ಸ್ಥಾನದಲ್ಲಿ ಬರೆದು 2012ರಲ್ಲಿ ಪರೀಕ್ಷಿಸಿದರು. ಆ ನೊಣಗಳಿಗೆ ಕಾವು ಕೊಟ್ಟೊಡನೆ ಸೆಳವು ಬಂದಿತು.

ಕಾವಿನ ಮೂರ್ಛೆಯೆಂದೊಡನೆ ನಮ್ಮ ಸೀಮೆಯವರಿಗೆ ಮತ್ತೊಂದು ನೆನಪಾಗಬೇಕು. ಹಂಡೆಯಲ್ಲಿ ಚೆನ್ನಾಗಿ ಕಾಯಿಸಿದ ನೀರನ್ನು ತಂಬಿಗೆಯ ಮೇಲೆ ತಂಬಿಗೆಯಾಗಿ ತಲೆಗೆ ಎರೆಯುವುದು ನಮ್ಮ ಅಭ್ಯಂಜನದ ಪದ್ಧತಿ. ನೀರು 40ರಿಂದ 50 ಡಿಗ್ರಿಯವರೆಗೂ ಬಿಸಿಯಿರುತ್ತದೆ. ಹೀಗೆ ಎರೆಯುತ್ತಿರುವಾಗ ಕೆಲವರಿಗೆ ಕಣ್ಣು ನೆಟ್ಟು, ಮಾತು ತಡವರಿಸಿ, ಎಚ್ಚರ ತಪ್ಪುತ್ತದೆ. ಕೆಲವರಿಗೆ ಇನ್ನೂ ಹೊಯ್ದುಕೊಳ್ಳಬೇಕೆಂಬ ತಡೆಯಲಾರದ ಆಸೆಯೂ ಆಗ ಬರುವುದುಂಟು. ಇದಕ್ಕೆ ಬಿಸಿನೀರಿನ ಮೂರ್ಛೆ ಎಂದು ಹೆಸರು. ಇದು ಲೋಕದ ಬೇರೆ ಕಡೆಗಳಲ್ಲಿ ವಿರಳ, ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಕರ್ನಾಟಕದಲ್ಲಿ, ಹೆಚ್ಚು. ಬೆಂಗಳೂರಿನ ನರವೈದ್ಯರಾದ ಕೆ. ಎಸ್. ಮಣಿ ಅವರೂ ಅವರ ಸಹೋದ್ಯೋಗಿಗಳೂ 1968ರಲ್ಲಿ ಇದನ್ನು ಕುರಿತು ಬರೆದರು. ನಿಮ್ಹಾನ್ಸಿನ ಸತೀಶ್ಚಂದ್ರ ಅವರೂ ಅವರ ಜೊತೆಗಾರರೂ 1988ರಲ್ಲಿ 279 ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಬಚ್ಚಲಲ್ಲಿ ಬಿದ್ದವರನ್ನು ಗಾಳಿ ಮೆಟ್ಟಿತೆಂದು ಮಂತ್ರವಾದಿಯ ಬಳಿಗೆ ಕರೆದೊಯ್ಯುವ ಮನೆಗಳಿಗೆ ಈ ವೃತ್ತಾಂತ ತಲುಪಬೇಕು.

ಕೆಲವು ಮನೆತನಗಳಲ್ಲಿ ಈ ರೋಗ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುದನ್ನು ಗಮನಿಸಿ, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಅನುರಂಜನ್ ಆನಂದ್ ಅವರ ಗುಂಪು ವೈದ್ಯರೊಡಗೂಡಿ ಅಂತಹ ಕುಟುಂಬಗಳ ರಕ್ತವನ್ನು ಪರೀಕ್ಷಿಸಿತು. ಒಂದು ಕಡೆ 10ನೆಯ ವರ್ಣತಂತುವಿನ ಒಂದು ಭಾಗವೂ, ಇನ್ನೊಂದು ಕಡೆ 4ನೆಯ ವರ್ಣತಂತುವಿನ ಒಂದು ಭಾಗವೂ ರೋಗದೊಡನೆ ಸಾಗಿಬರುತ್ತವೆಂದು 2009ರಲ್ಲಿ ಪ್ರಕಟವಾಯಿತು. ಆ ಮನೆತನಗಳಲ್ಲಿ ರೋಗವಿದ್ದ ತಂದೆಯಿಂದಲೋ ತಾಯಿಯಿಂದಲೋ ಆ ಭಾಗವು ಮಗುವಿಗೆ ಇಳಿಯುವ ಸಂಭವ ನಾಣ್ಯವನ್ನು ಚಿಮ್ಮಿದಂತೆ, ಅರ್ಧಕ್ಕರ್ಧ. ಇದು ಪ್ಯಾರಲಿಟಿಕ್ ನೊಣದ ವಂಶವಾಹಿಯೇ ಎಂದು ಯಾರೂ ಭಾವಿಸಬಾರದು. ಮಾನವನಲ್ಲಿ ಡ್ರಾವೆಯ ರೋಗವನ್ನು ತರುವ ತೂಬಿನ ವಂಶವಾಹಿ ಇರುವುದು 2ನೆಯ ವರ್ಣತಂತುವಿನಲ್ಲಿ. ಸಮಾನವಾದದ್ದು ಮನೆತನದಲ್ಲಿ ಬಂದ ದೋಷವು ಕಾವು ತಗಲುವವರೆಗೆ ಕಾಣಿಸಿಕೊಳ್ಳದೆ ಸುಮ್ಮನಿರುವುದು.

ಕಾವು ತಪ್ಪಿದರೆ ನೊಣ ಬೀಳುವುದಿಲ್ಲ. ಈ ಮೂರ್ಛೆಯ ಚಿಕಿತ್ಸೆಯ ಮೊದಲ ಹೆಜ್ಜೆಯೂ ಅದೇ. ತಲೆಗೆ ಉಗುರುಬೆಚ್ಚಗಿನ ನೀರನ್ನು ಮಾತ್ರ ಬಳಸಬೇಕು, ನೆತ್ತಿಯ ಮೇಲೆ ಒಂದೇ ಸಮನೆ ಎರೆಯಬಾರದು, ಸ್ನಾನದ ಕೋಣೆಗೆ ಒಳಗಿನಿಂದ ಅಗುಳಿ ಹಾಕಿಕೊಳ್ಳಬಾರದು. ಇಷ್ಟರಿಂದಲೇ ನಿಲ್ಲದವರಿಗೆ, ತಲೆಗೆ ನೀರು ಹಾಕಿಕೊಳ್ಳುವ ದಿನ ಮಾತ್ರ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಕ್ಲೊಬಜಾಮ್ ಎಂಬ ಗುಳಿಗೆಯನ್ನು ವೈದ್ಯರು ಕೊಡುತ್ತಾರೆ. ಬೇರೆ ವೇಳೆಯಲ್ಲಿಯೂ ಸೆಳವು ಬರುವವರು ದಿನವೂ ಔಷಧಿ ತೆಗೆದುಕೊಳ್ಳಬೇಕಾಗುತ್ತದೆ. ಉಲ್ಲಾಳದಿಂದ ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಒಂದು ಬೆಳಗಿನ ಪ್ರಯಾಣ. ಹೋಗುವವರು ಮನೆಯಲ್ಲಿ ಇನ್ನಾರಿಗಾದರೂ ಬಚ್ಚಲಲ್ಲಿ ಹೀಗಾಗಿತ್ತೇ ಎಂಬುದನ್ನು ಅಜ್ಜ ಅಜ್ಜಿಯರಿಂದ ಕೇಳಿ ತಿಳಿದುಕೊಂಡು ಹೋದರೆ ವೈದ್ಯರ ಕೆಲಸ ಅಷ್ಟು ಸುಲಭವಾಗುತ್ತದೆ.